ಒಲೆ ಆರಿಸಿ ಓಡಿದ ಹುಡುಗಿ: ಮಕ್ಕಳಿಗೆ ಸಮಯಪ್ರಜ್ಞೆ, ಉಪಕಾರ ಸ್ಮರಣೆ ಕಲಿಸುವ ಬಗೆ

ನಮ್ಮ ಶಾಲೆಯ ನಾಲ್ಕನೇ ತರಗತಿ ಹುಡುಗಿಯೊಬ್ಬಳ ಮನೆಯಲ್ಲಿ ಕಳೆದ ವರ್ಷ ನಡೆದದ್ದು. ಅಪ್ಪ ಅಮ್ಮ ಹೊಲಕ್ಕೆ ಹೋಗಿದ್ದರು. ಅಜ್ಜಿ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು ಬಚ್ಚಲಿಗೆ ಹೋದವರು ಜಾರಿ ಬಿದ್ದರು. ಸದ್ದು ಕೇಳಿ ಓಡಿ ಬಂದ ಹುಡುಗಿ ಅಜ್ಜಿಯನ್ನು ಎತ್ತಲು ಹೋಗಲಿಲ್ಲ. "ಅಜ್ಜಿ, ಅಲ್ಲಾಡಬೇಡ, ಹಂಗೇ ಇರು" ಅಂದಳು. ಒಣಗಿದ ಟವೆಲ್ ಒಂದನ್ನು ಮಡಚಿ ಅಜ್ಜಿಯ ಕೈಗೆ ಕೊಟ್ಟಳು. ಹೊರಗೆ ಓಡುವ ಮುಂಚೆ ಅಡುಗೆಮನೆಗೆ ಹೋಗಿ ಹಾಲಿನ ಒಲೆ ಆರಿಸಿದಳು. ಆಮೇಲೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು: "ದೊಡ್ಡಮ್ಮಾ, ಅಜ್ಜಿ ಬಚ್ಚಲಲ್ಲಿ ಬಿದ್ದಾಳೆ. ಮಾತಾಡ್ತಾಳೆ, ಆದ್ರೆ ಕಾಲು ಎತ್ತೋಕಾಗ್ತಿಲ್ಲ."

ಸೊಂಟದ ಮೂಳೆ ಮುರಿದಿತ್ತು. ಅವಸರದಲ್ಲಿ ಹಿಡಿದೆಳೆದು ಎಬ್ಬಿಸಿದ್ದರೆ ಇನ್ನೂ ತೊಂದರೆಯಾಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ನಾನು ಅಜ್ಜಿಯನ್ನು ನೋಡಲು ಹೋದಾಗ ಹುಡುಗಿಯನ್ನು ಕೇಳಿದೆ, "ಒಲೆ ಆರಿಸಬೇಕು ಅಂತ ಹೇಗೆ ಹೊಳೀತೇ ನಿಂಗೆ?" ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಅಮ್ಮ ಹೊರಗೆ ಹೋಗೋವಾಗ ದಿನಾ ಗ್ಯಾಸ್ ನೋಡ್ತಾಳಲ್ಲ ಟೀಚರ್." ಸರಿ, ಅಜ್ಜಿಯನ್ನು ಎತ್ತಬಾರದು ಅಂತ ಯಾರು ಹೇಳಿಕೊಟ್ಟರು? "ನಮ್ಮ ಕರ ಕಾಲು ಮುರ್ಕೊಂಡಾಗ ದನದ ಡಾಕ್ಟ್ರು ಅಪ್ಪಂಗೆ ಎಳೀಬೇಡಿ ಅಂದಿದ್ರು."

ಆ ಕರುವಿನ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಸಮಯಪ್ರಜ್ಞೆ ಎಂದರೆ ಕೆಲವು ಮಕ್ಕಳಿಗೆ ಹುಟ್ಟಿನಿಂದ ಬರುವ ಚುರುಕುತನ ಎಂದು ನಾನೂ ಎಷ್ಟೋ ವರ್ಷ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಕಣ್ಣುಬಿಟ್ಟು ನೋಡಿದ್ದು, ಕಿವಿಗೊಟ್ಟು ಕೇಳಿದ್ದು ಒಳಗೆಲ್ಲೋ ಕೂತಿರುತ್ತದೆ. ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತದೆ. ಉಪಕಾರ ಸ್ಮರಣೆಯ ಬೇರೂ ಇದೇ ನೋಟದಲ್ಲಿದೆ. ತನಗಾಗಿ ಯಾರು ಏನು ಮಾಡಿದರು ಎಂಬುದು ಕಣ್ಣಿಗೇ ಬೀಳದ ಮಗು ಯಾರನ್ನು ನೆನೆದೀತು? ಹಾಗಾಗಿ ನಮ್ಮ ತರಗತಿಯಲ್ಲಿ ಈ ಎರಡನ್ನೂ ಬೇರೆಬೇರೆ ಪಾಠ ಮಾಡುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ನೀವೂ ಮಾಡಬಹುದಾದದ್ದನ್ನು ಹೆಜ್ಜೆಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಮಗುವಿಗೆ ಅದರದೇ ಮನೆ ತೋರಿಸಿ

ಒಂದು ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಗುವಿನ ಕೈ ಹಿಡಿದು ಮನೆಯೆಲ್ಲ ಸುತ್ತಿ. ಮೇನ್ ಸ್ವಿಚ್ ಎಲ್ಲಿದೆ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಿದರೆ ಬಂದ್ ಆಗುತ್ತದೆ, ಟಾರ್ಚ್ ಯಾವ ಗೂಡಿನಲ್ಲಿದೆ, ಹಿತ್ತಿಲ ಬಾಗಿಲಿನ ಕೀಲಿ ಎಲ್ಲಿ ತೂಗುಹಾಕಿದೆ. ಬಾಯಲ್ಲಿ ಹೇಳಿದರೆ ಸಾಲದು, ಮುಟ್ಟಿಸಿ, ತಿರುಗಿಸಿಸಿ. ಮುಂಬಾಗಿಲ ಚಿಲಕ ಮಗುವಿಗೆ ಎಟುಕುತ್ತದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಎಟುಕುವುದಿಲ್ಲ, ಅದು ಗೊತ್ತಾಗುವುದೇ ಆ ದಿನ. ಬಾಗಿಲ ಹಿಂದೆ ಒಂದು ಮಣೆಯೋ ಸ್ಟೂಲೋ ಕಾಯಂ ಇಟ್ಟುಬಿಡಿ.

ಗ್ಯಾಸಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಆ ಕೆಟ್ಟ ವಾಸನೆ ಸೇರಿಸಿರುತ್ತಾರೆ. ಅದು ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹೋಗದೆ ನೆಲದ ಹತ್ತಿರವೇ ಹರಡಿ ನಿಲ್ಲುತ್ತದೆ. ಇಷ್ಟು ತಿಳಿದ ಮಗುವಿಗೆ ಮುಂದಿನ ನಿಯಮ ತಾನಾಗಿಯೇ ಅರ್ಥವಾಗುತ್ತದೆ: ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹಾಕುವುದೂ ಬೇಡ, ಉರಿಯುತ್ತಿರುವ ದೀಪವನ್ನು ಆರಿಸುವುದೂ ಬೇಡ, ಆ ಸಣ್ಣ ಕಿಡಿಯೇ ಸಾಕು. ಬಾಗಿಲು ತೆರೆಯಬೇಕು, ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಹೋಗಬೇಕು, ಫೋನು ಮಾಡುವುದಿದ್ದರೆ ಅಂಗಳದಲ್ಲಿ ನಿಂತು ಮಾಡಬೇಕು. ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ 1906. ಹತ್ತು ವರ್ಷ ದಾಟಿದ, ಕೈ ಪಳಗಿದ ಮಗುವಾದರೆ ರೆಗ್ಯುಲೇಟರ್ ಬಂದ್ ಮಾಡಬಹುದು, ಅದೂ ವಾಸನೆ ಆಗಷ್ಟೇ ಬಂದಿದ್ದರೆ. ಚಿಕ್ಕವರು ಹೊರಗೆ ಓಡಿ ದೊಡ್ಡವರಿಗೆ ಹೇಳಿದರೆ ಸಾಕು, ಅವರ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು.

ಹೆಜ್ಜೆ 2: ಫೋನಿನಲ್ಲಿ ಮೊದಲು "ಎಲ್ಲಿ" ಎಂದು ಹೇಳುವುದು

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112. ಆಂಬುಲೆನ್ಸಿಗೆ ನಮ್ಮಲ್ಲಿ 108 ಕೂಡ ಎಲ್ಲರಿಗೂ ಗೊತ್ತು. ಮಕ್ಕಳ ತೊಂದರೆಗೆ 1098. ಲಾಕ್ ಆಗಿರುವ ಮೊಬೈಲಿನಿಂದಲೂ ತುರ್ತು ಕರೆ ಮಾಡಬಹುದು. ಪರದೆಯ ಮೇಲೆ ಅದು ಎಲ್ಲಿ ಬರುತ್ತದೆ ಎಂದು ನಿಮ್ಮ ಫೋನಿನಲ್ಲೇ ತೋರಿಸಿ. ನಿಜವಾಗಿ ಒತ್ತುವುದು ಬೇಡ. ಇಲ್ಲಿಂದ ಹೋಗುವ ಸುಳ್ಳು ಕರೆ ನಿಜವಾಗಿ ಸಾಯುತ್ತಿರುವವರ ಕರೆಗೆ ಅಡ್ಡ ಬರುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅವರು ಅದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಚಮಚವನ್ನು ಫೋನು ಮಾಡಿಕೊಂಡು ಅಭ್ಯಾಸ ಮಾಡಿಸಿ. ನೀವು ಆ ಕಡೆಯ ಅಧಿಕಾರಿ. ಗಾಬರಿಯಾದ ಮಗು "ಅಮ್ಮಂಗೆ ಏನೋ ಆಯ್ತು, ಬೇಗ ಬನ್ನಿ" ಎಂದು ಅಳುತ್ತದೆ, ಎಲ್ಲಿಗೆ ಬರಬೇಕು ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಕ್ರಮ ಇದು: ಎಲ್ಲಿ, ಏನಾಯಿತು, ಈಗ ಹೇಗಿದ್ದಾರೆ. ನಡುವೆ ಕರೆ ಕಡಿದುಹೋದರೂ ಜಾಗ ಗೊತ್ತಾಗಿರುತ್ತದೆ, ಆದ್ದರಿಂದ "ಎಲ್ಲಿ" ಮೊದಲು. ಮೇಲೆ ಹೇಳಿದ ಹುಡುಗಿ ಪಕ್ಕದ ಮನೆಯ ಬಾಗಿಲಲ್ಲಿ ಕೂಗಿದ್ದನ್ನು ಇನ್ನೊಮ್ಮೆ ಓದಿ ನೋಡಿ, ಮೂರೂ ಇವೆ.

ಹಳ್ಳಿಯ ವಿಳಾಸಕ್ಕೆ ಬೀದಿ, ಕ್ರಾಸ್ ಇರುವುದಿಲ್ಲ. "ಬಸವಣ್ಣನ ಗುಡಿ ಹಿಂದೆ, ನೀರಿನ ಟ್ಯಾಂಕ್ ಹತ್ತಿರ, ಹಸಿರು ಗೇಟು" ಎಂಬುದೇ ಅಲ್ಲಿ ವಿಳಾಸ. ಊರು, ತಾಲ್ಲೂಕು, ಗುರುತು, ಈ ಮೂರನ್ನು ಮಗು ತಡವರಿಸದೆ ಹೇಳುವಂತಾಗಬೇಕು. ಮನೆಯ ಎರಡು ಮೊಬೈಲ್ ನಂಬರುಗಳನ್ನು ಮಗ್ಗಿಯ ಹಾಗೆ ರಾಗವಾಗಿ ಬಾಯಿಪಾಠ ಮಾಡಿಸಿ. ಈಗ ನಂಬರುಗಳೆಲ್ಲ ಫೋನಿನೊಳಗೇ ಇವೆ, ದೊಡ್ಡವರಿಗೇ ಒಂದೂ ನೆನಪಿರುವುದಿಲ್ಲ. ನಮ್ಮ ತರಗತಿಯಲ್ಲಿ ಹಾಜರಿ ಕೂಗುವಾಗ ವಾರಕ್ಕೊಮ್ಮೆ "ಹಾಜರ್ ಟೀಚರ್" ಬದಲು ಅಮ್ಮನ ನಂಬರು ಹೇಳಬೇಕು. ಮೂರು ವಾರಕ್ಕೆ ಎಲ್ಲರಿಗೂ ಬಂತು.

ಹೆಜ್ಜೆ 3: "ಆಗ ನೀನೇನ್ ಮಾಡ್ತೀಯ?"

ಇದು ಆಟ. ಅವರೆಕಾಯಿ ಸುಲಿಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಹಾಸಿಗೆ ಹಾಸುವಾಗ ಒಂದು ಸಂದರ್ಭ ಕೊಡಿ, ಉತ್ತರಕ್ಕೆ ಕಾಯಿರಿ. ತಪ್ಪು ಹೇಳಿದರೆ ತಕ್ಷಣ ತಿದ್ದಬೇಡಿ. "ಆಮೇಲೆ?" ಎಂದು ಕೇಳಿ. ಎರಡು ಸಲ "ಆಮೇಲೆ?" ಎಂದರೆ ಹೆಚ್ಚಿನ ಮಕ್ಕಳು ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ.

"ದುಗ್ಗಮ್ಮನ ಜಾತ್ರೆಯಲ್ಲಿ ನನ್ನ ಕೈ ತಪ್ಪಿಹೋಯ್ತು. ಆಗ?" ಎಂದು ನಮ್ಮ ದಾವಣಗೆರೆ ಕಡೆ ಕೇಳಬಹುದು, ನಿಮ್ಮೂರಿನ ಜಾತ್ರೆಯ ಹೆಸರು ಹಾಕಿಕೊಳ್ಳಿ. ಮಕ್ಕಳ ಮೊದಲ ಉತ್ತರ ಯಾವಾಗಲೂ "ಹುಡುಕ್ಕೊಂಡು ಹೋಗ್ತೀನಿ". ಮಗು ನಮ್ಮನ್ನು ಹುಡುಕುತ್ತ ಈ ಕಡೆ, ನಾವು ಮಗುವನ್ನು ಹುಡುಕುತ್ತ ಆ ಕಡೆ. ನಿಂತಲ್ಲೇ ನಿಲ್ಲಬೇಕು. "ಅಮ್ಮಾ" ಎಂದು ಕೂಗಿದರೆ ನೂರು ಜನ ಅಮ್ಮಂದಿರು ತಿರುಗಿ ನೋಡುತ್ತಾರೆ, ಅದಕ್ಕೆ ಅಮ್ಮನ ಹೆಸರು ಹಿಡಿದೇ ಕೂಗಬೇಕು. ಹೆಸರು ಹಿಡಿದು ಕರೆದರೆ ಬೈಯುತ್ತಾರೇನೋ ಎಂಬ ಅಂಜಿಕೆ ಮಕ್ಕಳಿಗೆ ಇರುತ್ತದೆ, "ಅವತ್ತು ಕೂಗಬಹುದು" ಎಂದು ಮೊದಲೇ ಅಪ್ಪಣೆ ಕೊಟ್ಟಿರಿ. ಯಾರೂ ಸಿಗದಿದ್ದರೆ ಪೊಲೀಸರು, ಮೈಕಿನಲ್ಲಿ ಕೂಗಿ ಹೇಳುವವರು, ಇಲ್ಲವೇ ಚಿಕ್ಕ ಮಕ್ಕಳನ್ನು ಜೊತೆಗಿಟ್ಟುಕೊಂಡ ಹೆಂಗಸು.

ಶಾಲೆಯ ಗೇಟಿನ ಬಳಿ ಯಾರೋ ಬಂದು "ನಿಮ್ಮಪ್ಪಂಗೆ ಆಕ್ಸಿಡೆಂಟ್ ಆಗಿದೆ, ಬಾ" ಎಂದರೆ? ಇದಕ್ಕೆ ಮನೆಯವರಷ್ಟೇ ಬಲ್ಲ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಆ ಮಾತು ಹೇಳದವರ ಜೊತೆ ಹೋಗುವುದಿಲ್ಲ, ಅವರು ಪರಿಚಯದವರೇ ಆಗಿರಲಿ. ಫೋನಿಗೆ ಬಂದ ಒಟಿಪಿ ಯಾರಾದರೂ ಕೇಳಿದರೆ? ಹೇಳುವುದಿಲ್ಲ, ಫೋನಿಟ್ಟು ಅಮ್ಮನಿಗೆ ತಿಳಿಸುತ್ತೇನೆ. ದುಡ್ಡು ಹೋಗಿಯೇಬಿಟ್ಟಿದ್ದರೆ ದೊಡ್ಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಮ್ಮನಿಗೆ ಫಿಟ್ಸ್ ಬಂದರೆ? ಕೈಗೆ ಕೀಲಿಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ; ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಸುತ್ತಲಿನ ಸಾಮಾನು ಸರಿಸಿ, ದೊಡ್ಡವರನ್ನು ಕೂಗಬೇಕು.

ದಿನಕ್ಕೆ ಒಂದೇ ಪ್ರಶ್ನೆ ಇರಲಿ. ಹೆಚ್ಚಾದರೆ ಮಗುವಿಗೆ ಲೋಕವೆಲ್ಲ ಅಪಾಯವಾಗಿಯೇ ಕಾಣತೊಡಗುತ್ತದೆ.

ಹೆಜ್ಜೆ 4: ಎಲ್ಲಿ ನುಗ್ಗಬಾರದು ಎಂಬುದನ್ನೂ ಕಲಿಸಿ

ಇದು ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು, ಸ್ವಲ್ಪ ಉದ್ದವಾದರೂ ಓದಿ.

ನಮ್ಮ ಕಡೆ ಭದ್ರಾ ನಾಲೆ ಇದೆ. ಬಯಲುಸೀಮೆಯ ಹೊಲಗಳಲ್ಲಿ 2014ರ ನಂತರ ಕೃಷಿಭಾಗ್ಯ ಯೋಜನೆಯಲ್ಲಿ ತೆಗೆಸಿದ ಕೃಷಿಹೊಂಡಗಳಿವೆ. ಹೊಂಡಗಳು ರೈತರಿಗೆ ಆಸರೆಯಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದರ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಕಾಲೂರಲು ಹಿಡಿತವಿಲ್ಲ, ಕೈಗೆ ಸಿಗುವ ಹುಲ್ಲೆಳೆಯೂ ಇಲ್ಲ. ಒಬ್ಬ ಹುಡುಗ ಬೀಳುತ್ತಾನೆ, ಅವನನ್ನು ಹಿಡಿಯಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಹಿಡಿಯಲು ಇನ್ನೊಬ್ಬ. ಪತ್ರಿಕೆಯಲ್ಲಿ "ಮೂವರ ಸಾವು" ಎಂದು ಓದುತ್ತೇವಲ್ಲ, ಎಷ್ಟೋ ಸಲ ಅದು ಹೀಗೆಯೇ ಆದದ್ದು. ಎರಡನೆಯವನೂ ಮೂರನೆಯವನೂ ಪ್ರೀತಿಯಿಂದಲೇ ಇಳಿದವರು.

ಅದಕ್ಕೇ ಮಕ್ಕಳಿಗೆ ಮೂರು ಮಾತು ಕಲಿಸಿದ್ದೇನೆ: ಕೂಗು, ಎಸೆ, ಇಳಿಯಬೇಡ. ಕೂಗಿ ಜನ ಸೇರಿಸು. ಹಗ್ಗ, ಸೀರೆ, ಉದ್ದನೆಯ ಬಿದಿರು, ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆ. ಹಗ್ಗ ಎಳೆಯುವಾಗ ಅಂಚಿನಲ್ಲಿ ನಿಲ್ಲದೆ ಹಿಂದೆ ಸರಿದು ಕುಳಿತುಕೋ ಅಥವಾ ನೆಲಕ್ಕೆ ಮಲಗು, ಇಲ್ಲದಿದ್ದರೆ ನೀನೇ ಒಳಗೆ ಹೋಗುತ್ತೀಯ. ಎಸೆಯಲು ಏನೂ ಇಲ್ಲದಿದ್ದರೆ? ಆಗಲೂ ಇಳಿಯಬೇಡ, ಇನ್ನೂ ಜೋರಾಗಿ ಕೂಗು. ಹೊಂಡ ಇರುವ ರೈತರಿಗೆ ನನ್ನ ಕೈಮುಗಿದ ಬೇಡಿಕೆ: ಒಂದು ಗೂಟಕ್ಕೆ ಗಂಟು ಹಾಕಿದ ಹಗ್ಗವನ್ನು ಕಟ್ಟಿ ಹೊಂಡದೊಳಗೆ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ.

ಧೈರ್ಯದ ಕತೆ ಹೇಳುವಾಗಲೂ ಇದನ್ನು ಮರೆಯಬಾರದು. 2019ರ ಆಗಸ್ಟಿನಲ್ಲಿ ಕೃಷ್ಣಾ ನದಿ ಉಕ್ಕಿ ಹರಿದಾಗ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಹುಡುಗನೊಬ್ಬ ನೀರು ಮುಚ್ಚಿದ ಸೇತುವೆಯ ಮೇಲೆ ಆಂಬುಲೆನ್ಸಿನ ಮುಂದೆ ಓಡಿ ದಾರಿ ತೋರಿಸಿದ್ದು ನಿಮಗೆ ನೆನಪಿರಬಹುದು. ಆ ವಿಡಿಯೊ ನೋಡಿ ನನಗೆ ಕಣ್ಣು ತುಂಬಿ ಬಂತು. ಆ ಹುಡುಗನಿಗೆ ಶೌರ್ಯ ಪ್ರಶಸ್ತಿಯೂ ಬಂತು, ಸಲ್ಲಬೇಕಾದದ್ದೇ. ಆದರೆ ತರಗತಿಯಲ್ಲಿ ನಾನು ಆ ಕತೆ ಹೇಳುವಾಗ ಮಕ್ಕಳಿಗೆ ತೋರಿಸುವುದು ಅವನು ದಾರಿ ಬಲ್ಲವನಾಗಿದ್ದ ಎಂಬುದನ್ನು: ದಿನಾ ಓಡಾಡಿದ ಸೇತುವೆ, ಅಂಚು ಎಲ್ಲಿ ಎಂದು ಕಾಲಿಗೇ ಗೊತ್ತು. ಹರಿಯುವ ನೀರಿಗೆ ನೀವು ಇಳಿಯಬಾರದು ಎಂದೂ ಅದೇ ಉಸಿರಿನಲ್ಲಿ ಹೇಳುತ್ತೇನೆ.

ಇದಕ್ಕಿಂತ ಹಳೆಯ ಕತೆ 1957ರ ಅಕ್ಟೋಬರ್ 2ರದು. ದೆಹಲಿಯ ರಾಮಲೀಲಾ ಮೈದಾನದಲ್ಲಿ ಪ್ರಧಾನಿ ನೆಹರೂ ಕಾರ್ಯಕ್ರಮ ನೋಡುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಹರೀಶ್ ಚಂದ್ರ ಮೆಹ್ರಾ ಎಂಬ 14 ವರ್ಷದ ಸ್ಕೌಟ್ ಬಾಲಕ ತನ್ನ ಚಾಕುವಿನಿಂದ ಶಾಮಿಯಾನದ ಬಟ್ಟೆ ಸೀಳಿ ಜನ ಹೊರಬರಲು ದಾರಿ ಮಾಡಿಕೊಟ್ಟ. ದೇಶದಲ್ಲಿ ಮಕ್ಕಳ ಶೌರ್ಯ ಪ್ರಶಸ್ತಿ ಶುರುವಾದದ್ದೇ ಆ ಘಟನೆಯಿಂದ. ಎಲ್ಲರ ಕಣ್ಣು ಬೆಂಕಿಯ ಮೇಲಿದ್ದಾಗ ಆ ಹುಡುಗನ ಕಣ್ಣು ಬಟ್ಟೆಯ ಮೇಲಿತ್ತು. ಕಾಣುವುದೆಂದರೆ ಇದು.

ಬೆಂಕಿ, ಕರೆಂಟಿನ ಬಗ್ಗೆ ಚಿಕ್ಕದಾಗಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನಿಲ್ಲು, ಮಲಗು, ಉರುಳು. ಚಾಪೆಯ ಮೇಲೆ ಉರುಳಾಡಿಸಿ ಅಭ್ಯಾಸ ಮಾಡಿಸಿ, ಮಕ್ಕಳು ನಗುತ್ತಲೇ ಕಲಿಯುತ್ತಾರೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ ಬೇಡ, ನಲ್ಲಿಯ ತಣ್ಣೀರನ್ನು 20 ನಿಮಿಷ ಬಿಡಬೇಕು. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬಾರದು, ಮೊದಲು ಮೇನ್ ಸ್ವಿಚ್. ಹೆಜ್ಜೆ 1ರ ಮನೆ ಸುತ್ತಾಟ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 5: ಬೈಗುಳದ ಭಯ ತೆಗೆಯಿರಿ

ಬೇಡವೆಂದ ನಾಲೆಗೆ ಗೆಳೆಯರು ಈಜಲು ಹೋಗುತ್ತಾರೆ. ಒಬ್ಬ ಮುಳುಗುತ್ತಾನೆ. ಉಳಿದವರು ಕೂಗುವ ಬದಲು ಮನೆಗೆ ಬಂದು ಬಾಯಿ ಮುಚ್ಚಿ ಕೂರುತ್ತಾರೆ, ಬೈಯುತ್ತಾರೆಂದು. ಬೀದಿನಾಯಿ ಪರಚಿದ್ದನ್ನು ಮಗು ಲಂಗದಡಿ ಮುಚ್ಚಿಡುತ್ತದೆ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೆನ್ನುವಷ್ಟು ವಿರಳ. ಆ ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಲಸಿಕೆ ಹಾಕಿಸಿದರೆ ಮಗು ಉಳಿಯುತ್ತದೆ. ಹಾವು ಕಚ್ಚಿದ್ದೂ ಹಾಗೆಯೇ: ಓಡದೆ, ಹಗ್ಗ ಬಿಗಿಯದೆ, ಆದಷ್ಟು ಬೇಗ ಆಸ್ಪತ್ರೆ ಸೇರಬೇಕು. ಹೋಗಬಾರದ ಬಣವೆಯ ಹತ್ತಿರ ಹೋಗಿದ್ದೆ ಎಂಬ ಅಂಜಿಕೆಯಲ್ಲಿ ಕಳೆದ ಅರ್ಧ ಗಂಟೆಯೇ ಜೀವ ತೆಗೆಯಬಹುದು.

ಮನೆಯಲ್ಲಿ ಒಂದು ಕರಾರು ಮಾಡಿಕೊಳ್ಳಿ. "ಅಪಾಯದ ವಿಷಯ ಬಂದು ಹೇಳಿದರೆ ಅವತ್ತು ಬೈಯೋದಿಲ್ಲ, ಹೊಡೆಯೋದಿಲ್ಲ. ಏನೇ ತಪ್ಪು ಮಾಡಿದ್ರೂ." ಮಾಡಿಕೊಂಡರೆ ಪಾಲಿಸಬೇಕು. ಒಂದು ಸಲ ಮುರಿದರೂ ಮಗು ಮತ್ತೆ ನಂಬುವುದಿಲ್ಲ.

ಇದರ ಇನ್ನೊಂದು ಮುಖ, ಮಗು ಹೇಳಿದ್ದನ್ನು ನಂಬುವುದು. 2004ರ ಸುನಾಮಿಯ ದಿನ ಥಾಯ್ಲೆಂಡಿನ ಫುಕೆಟ್ ದ್ವೀಪದ ಕಡಲ ತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಇದ್ದಳು. ನೀರು ನೊರೆಗಟ್ಟಿ ವಿಚಿತ್ರವಾಗಿ ಏರುತ್ತಿದ್ದುದನ್ನು ಕಂಡು, ಎರಡು ವಾರದ ಹಿಂದೆ ಭೂಗೋಳದ ಪಾಠದಲ್ಲಿ ಕೇಳಿದ್ದು ನೆನಪಾಗಿ, ಸುನಾಮಿ ಬರುತ್ತಿದೆ ಎಂದು ಹಠ ಹಿಡಿದಳು. ಅಪ್ಪ ಕೊನೆಗೆ ಅವಳ ಮಾತು ಕಿವಿಗೆ ಹಾಕಿಕೊಂಡು ಹೋಟೆಲಿನ ಕಾವಲುಗಾರರಿಗೆ ಹೇಳಿದರು, ತೀರ ಖಾಲಿಯಾಯಿತು, ಸುಮಾರು ನೂರು ಜನ ಉಳಿದರು. ಹುಡುಗಿಗೆ ಪಾಠ ನೆನಪಾದದ್ದು ಅರ್ಧ ಕೆಲಸ ಮಾತ್ರ. ಅಪ್ಪ "ಸುಮ್ನಿರು" ಎಂದಿದ್ದರೆ ಆ ಅರ್ಧದಿಂದ ಏನೂ ಆಗುತ್ತಿರಲಿಲ್ಲ.

ಹೆಜ್ಜೆ 6: ಸಂಜೆಯ ಒಂದು ಪ್ರಶ್ನೆ

ಇನ್ನು ಉಪಕಾರ ಸ್ಮರಣೆಗೆ ಬರೋಣ. "ಥ್ಯಾಂಕ್ಯೂ ಹೇಳು, ಅಂಕಲ್‌ಗೆ ಥ್ಯಾಂಕ್ಯೂ ಹೇಳು" ಎಂದು ಮಗುವಿನ ಭುಜ ತಿವಿಯುವುದನ್ನು ಎಲ್ಲ ಕಡೆ ನೋಡುತ್ತೇನೆ. ಮಗು ಚಾಕೊಲೇಟಿನ ಕಡೆ ನೋಡುತ್ತ ಹೇಳಿ ಮುಗಿಸುತ್ತದೆ. ಆ ಪದ ಬೇಡವೆನ್ನುವುದಿಲ್ಲ, ಅದು ಬಾಯಿಯ ಅಭ್ಯಾಸ. ಕಣ್ಣಿನ ಅಭ್ಯಾಸ ಬೇರೆಯೇ.

ಸಂಜೆ ಊಟಕ್ಕೆ ಕೂತಾಗ ಕೇಳಿ: "ಇವತ್ತು ನಿನಗೋಸ್ಕರ ಯಾರ್ಯಾರು ಏನೇನು ಮಾಡಿದ್ರು?" ಮೊದಲ ವಾರ "ಯಾರೂ ಏನೂ ಮಾಡಿಲ್ಲ" ಎನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ನೀವೇ ಮೊದಲು ಹೇಳಿ: "ಬಸ್ಸು ಹೊರಟುಬಿಟ್ಟಿತ್ತು, ಕಂಡಕ್ಟರ್ ನನ್ನ ನೋಡಿ ಸೀಟಿ ಊದಿ ನಿಲ್ಲಿಸಿದ್ರು." ಮಕ್ಕಳು ಮೆಲ್ಲಗೆ ಶುರುಮಾಡುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ ಹೇಳಿದ್ದು ಇದು: "ಬಿಸಿಯೂಟದ ಅಡುಗೆ ಅಕ್ಕ ನಂಗೆ ಸಾಂಬಾರಲ್ಲಿ ಬದನೆಕಾಯಿ ಬಿಟ್ಟು ಹಾಕ್ತಾರೆ ಟೀಚರ್, ನಾನು ಹೇಳೇ ಇಲ್ಲ, ಅವರಿಗೆ ಹೆಂಗೋ ಗೊತ್ತು." ನೂರೈವತ್ತು ತಟ್ಟೆಗಳಿಗೆ ಬಡಿಸುವ ಹೆಂಗಸು ಒಬ್ಬ ಹುಡುಗನ ತಟ್ಟೆ ನೆನಪಿಟ್ಟುಕೊಂಡದ್ದು, ಅದನ್ನು ಆ ಹುಡುಗ ಕಂಡದ್ದು. ಆ ದಿನ ನನಗೆ ಬೇರೆ ಪಾಠ ಮಾಡಲು ಮನಸ್ಸಾಗಲಿಲ್ಲ.

ಅಜ್ಜಿ ಬಿದ್ದ ಮನೆಯ ಕತೆಯಲ್ಲಿ ನಾನು ಒಂದನ್ನು ಹೇಳದೆ ಉಳಿಸಿಕೊಂಡಿದ್ದೆ. ಹುಡುಗಿ ಕೂಗಿದಾಗ ಪಕ್ಕದ ಮನೆಯ ದೊಡ್ಡಮ್ಮ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಿಕಾಯಿತು, ನಾದಿದ ಹಿಟ್ಟು ಒಣಗಿಹೋಯಿತು, ಅವತ್ತು ಅವರ ಮನೆಯಲ್ಲಿ ಮಧ್ಯಾಹ್ನದ ಊಟ ಆಗಲಿಲ್ಲ. ಆಂಬುಲೆನ್ಸ್, ಆಸ್ಪತ್ರೆ, ಎಕ್ಸ್‌ರೇ ಗಡಿಬಿಡಿಯಲ್ಲಿ ದೊಡ್ಡವರು ಯಾರಿಗೂ ಅದು ಕಾಣಲಿಲ್ಲ. ರಾತ್ರಿ ಅಮ್ಮ ಮನೆಗೆ ಬಂದಾಗ ಹುಡುಗಿ ಕೇಳಿದಳಂತೆ, "ಅಮ್ಮಾ, ದೊಡ್ಡಮ್ಮನ ರೊಟ್ಟಿ ಸೀದು ಹೋಯ್ತು. ನಾಳೆ ನಾವು ಮಾಡಿಕೊಡೋಣ?" ಮರುದಿನ ಹತ್ತು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಹೋಗಿ ಕೊಟ್ಟುಬಂದಳು. ಉರಿಯುವ ಒಲೆಯನ್ನು ಕಂಡ ಕಣ್ಣೇ ಸೀದ ರೊಟ್ಟಿಯನ್ನೂ ಕಂಡಿತ್ತು.

ಹೆಜ್ಜೆ 7: ಕೈಯಿಂದ ಸಲ್ಲಿಸುವುದು

ನಮ್ಮ ಮನೆಗಳಲ್ಲಿ ಉಪಕಾರವನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಸಲ್ಲಿಸುವುದೇ ಹೆಚ್ಚು. ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂಬ ರೂಢಿ ಇದೆಯಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ, ಆ ಡಬ್ಬಿಗೆ ಏನು ಹಾಕಬೇಕೆಂದು ಇನ್ನು ಮೇಲೆ ಮಗುವೇ ಆರಿಸಲಿ, ಮಗುವೇ ಒಯ್ದು ಕೊಡಲಿ. ಆಯುಧಪೂಜೆಯ ದಿನ ಸೈಕಲ್ಲನ್ನು ಅದೇ ತೊಳೆಯಲಿ; ವರ್ಷವಿಡೀ ಹೊತ್ತು ತಿರುಗಿದ್ದಕ್ಕೆ ಕುಂಕುಮ ಹಚ್ಚುವುದು ಏಕೆಂದು ಬಿಡಿಸಿ ಹೇಳುವುದೂ ಬೇಕಾಗುವುದಿಲ್ಲ. ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಬೀದಿ ಗುಡಿಸುವ ಅಕ್ಕನ ಹೆಸರು ಅಷ್ಟರೊಳಗೆ ಮಗುವಿಗೆ ಗೊತ್ತಿರಲಿ. ದಿನಾ ಬೆಳಿಗ್ಗೆ ಬರುವವರ ಹೆಸರೇ ತಿಳಿಯದೆ ಆ ಒಂದು ದಿನ ಹೂವು ಕೊಟ್ಟು ಫೋಟೊ ತೆಗೆಸುವುದರಲ್ಲಿ ಅರ್ಥವಿಲ್ಲ.

ದೂರದಲ್ಲಿರುವವರಿಗೆ ಅಂಚೆ ಕಾರ್ಡು ಬರೆಸಿ. ಐವತ್ತು ಪೈಸೆಯ ಕಾರ್ಡಿನಲ್ಲಿ ಮೂರು ಸಾಲು: ನೀವು ಏನು ಮಾಡಿದಿರಿ, ಅದರಿಂದ ನನಗೇನಾಯಿತು, ಈಗ ನಾನು ಹೇಗಿದ್ದೇನೆ. "ತುಂಬಾ ಧನ್ಯವಾದಗಳು" ಎಂದಷ್ಟೇ ಬರೆದರೆ ವಾಪಸು ಕೊಟ್ಟು ಇನ್ನೊಂದು ಸಾಲು ಬರೆಯಲು ಹೇಳುತ್ತೇನೆ.

ನಮ್ಮ ಹಿರಿಯರ ಒಂದು ಮಾತೂ ಮಗುವಿನ ಕಿವಿಗೆ ಬೀಳಲಿ. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಟ್ಟರೆ ಕುಡಿದು "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎನ್ನುತ್ತಿದ್ದರು. ತನ್ನ ಹೊಟ್ಟೆ ತಣ್ಣಗಾದದ್ದನ್ನೇ ಕೊಟ್ಟವರಿಗೂ ಹಾರೈಸುವ ಮಾತದು.

ಹೆಜ್ಜೆ 8: ಋಣದ ಹೊರೆ ಹೊರಿಸಬೇಡಿ

"ನಿನಗೋಸ್ಕರ ನಾನೆಷ್ಟು ಕಷ್ಟಪಟ್ಟೆ ಗೊತ್ತಾ?" ಎಂದು ದಿನಾ ಕೇಳಿಸಿಕೊಂಡ ಮಗುವಿನಲ್ಲಿ ಹುಟ್ಟುವುದು ತಪ್ಪಿತಸ್ಥ ಭಾವ. ಅದು ತಲೆ ತಗ್ಗಿಸುತ್ತದೆ, ಪ್ರೀತಿಯಿಂದ ತಲೆಯೆತ್ತಿ ನೋಡುವುದಿಲ್ಲ. ನಿಮ್ಮ ಕಷ್ಟ ಮಗುವಿಗೆ ಕಾಣಲಿ ಎಂದಿದ್ದರೆ ಒಂದು ದಿನ ನಿಮ್ಮ ಕೆಲಸದ ಜಾಗಕ್ಕೆ ಕರೆದೊಯ್ಯಿರಿ, ನಿಮ್ಮ ಜೊತೆ ನಿಂತು ನೋಡಲಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಉಪಕಾರ ಮಾಡಿದವರು ಹೇಳಿದ್ದನ್ನೆಲ್ಲ ಕೇಳಬೇಕಾಗಿಲ್ಲ ಎಂದು ಮಗುವಿಗೆ ಗೊತ್ತಿರಬೇಕು. ಮಕ್ಕಳ ಮೇಲೆ ಕೆಟ್ಟ ಕಣ್ಣು ಹಾಕುವವರು ಹೆಚ್ಚಾಗಿ ಪರಿಚಯದವರೇ. ತಿಂಡಿ, ಆಟಿಕೆ, ಮೊಬೈಲ್ ಗೇಮು ಕೊಟ್ಟು ಋಣದಲ್ಲಿ ಸಿಲುಕಿಸಿಕೊಳ್ಳುತ್ತಾರೆ. "ನಾನು ಇಷ್ಟೆಲ್ಲ ಕೊಟ್ಟಿಲ್ವಾ, ಯಾರಿಗೂ ಹೇಳಬೇಡ" ಎಂಬುದೇ ಅವರ ಮೊದಲ ಮಾತು. ಮೈ ಮುಟ್ಟಿದವರು ಎಷ್ಟೇ ಉಪಕಾರ ಮಾಡಿರಲಿ, ಬೇಡ ಎನ್ನಬೇಕು, ಓಡಿ ಬಂದು ಹೇಳಬೇಕು, 1098ಕ್ಕೆ ಮಗುವೇ ಕರೆ ಮಾಡಬಹುದು. ಈ ಒಂದು ವಿಷಯದಲ್ಲಿ ಸಮಯಪ್ರಜ್ಞೆ ಮುಂದೆ, ಉಪಕಾರ ಸ್ಮರಣೆ ಹಿಂದೆ.

ಹೆಜ್ಜೆ 9: ಆದ ಮೇಲೆ

ಮಗು ನಿಜವಾಗಿ ಜಾಣತನ ತೋರಿಸಿದ ದಿನ ಏನು ಮಾಡಬೇಕು? "ನನ್ ಬಂಗಾರ, ಶೂರ" ಎಂದು ಎತ್ತಿ ಕುಣಿಸುವುದು ಸಹಜ. ಆಮೇಲೆ ಕೂರಿಸಿಕೊಂಡು ಏನು ಮಾಡಿತೋ ಅದನ್ನೇ ಬಿಡಿಸಿ ಹೇಳಿ: "ಮೊದಲು ಒಲೆ ಆರಿಸಿದೆ. ಆಮೇಲೆ ಓಡಿದೆ. ಕೂಗುವಾಗ ಎಲ್ಲಿ ಅಂತ ಮೊದಲು ಹೇಳಿದೆ." ಮುಂದಿನ ಸಲಕ್ಕೆ ನೆನಪಿರುವುದು ಇದು. ವಿಡಿಯೊ ಮಾಡಿ ಎಲ್ಲರಿಗೂ ಕಳಿಸುವ ಆತುರ ಬೇಡ. ಸಿಕ್ಕ ಹೊಗಳಿಕೆಯ ರುಚಿಗೆ ಮಗು ಇಲ್ಲದ ಸಾಹಸಕ್ಕೆ ಕೈಹಾಕೀತು. ದೊಡ್ಡ ಅಪಾಯದಿಂದ ಯಾರನ್ನಾದರೂ ಕಾಪಾಡಿದ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಹೊಯ್ಸಳ, ಕೆಳದಿ ಚೆನ್ನಮ್ಮ ಹೆಸರಿನ ಶೌರ್ಯ ಪ್ರಶಸ್ತಿಗಳಿವೆ, ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಬಹುದು.

ಹಗಲು ಧೈರ್ಯವಾಗಿದ್ದ ಮಗು ರಾತ್ರಿ ಬೆಚ್ಚಿ ಬೀಳಬಹುದು. ನಮ್ಮ ಹುಡುಗಿಯೂ ಹತ್ತು ದಿನ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲವಂತೆ. ಜೊತೆಗೆ ಹೋಗಿ, ಬಾಗಿಲಲ್ಲಿ ನಿಂತು ಮಾತಾಡುತ್ತಿರಿ. ಆದದ್ದನ್ನು ಮತ್ತೆ ಮತ್ತೆ ಹೇಳಿದರೆ ಬೇಸರಿಸದೆ ಕೇಳಿ.

ಅಜ್ಜಿ ಈಗ ವಾಕರ್ ಹಿಡಿದು ಓಡಾಡುತ್ತಾರೆ. ಬಚ್ಚಲ ಗೋಡೆಗೆ ಕಂಬಿ ಕೂರಿಸಲು ಮೇಸ್ತ್ರಿ ಬಂದಾಗ ದೊಡ್ಡವರು ತಮ್ಮ ಅಂದಾಜಿನ ಎತ್ತರ ಹೇಳಿದರು. ಹುಡುಗಿ ತಡೆದಳು. ಅಜ್ಜಿಯನ್ನು ಕರೆತಂದು ಗೋಡೆಗೆ ಕೈ ಆನಿಸಲು ಹೇಳಿ, ಕೈ ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೇಸ್ತ್ರಿ ಆ ಗೆರೆಯ ಮೇಲೆಯೇ ರಂಧ್ರ ಕೊರೆದರು.